ಸಹಾಯ ಬೇಕು: ಲ್ಯಾಬ್‌ನಲ್ಲಿ ಪೈರಾನೋಮೀಟರ್ ಕ್ಯಾಲಿಬ್ರೇಷನ್

ಎಲ್ಲರಿಗೂ ನಮಸ್ಕಾರ. ಸೌರ ವಿಕಿರಣ ಅಳೆಯುವ ಪೈರಾನೋಮೀಟರ್‌ಗಳನ್ನು ಲ್ಯಾಬ್ ಒಳಗೆ ಹ್ಯಾಲೋಜನ್ ದೀಪದಡಿ ಕ್ಯಾಲಿಬ್ರೇಟ್ ಮಾಡುತ್ತಿದ್ದೇವೆ, ಅಂದರೆ ಅವುಗಳ ಅಳತೆ ಸರಿಹೊಂದಿಸುತ್ತಿದ್ದೇವೆ. ಐಎಸ್‌ಒ 9847 ಎಂಬ ಅಂತರರಾಷ್ಟ್ರೀಯ ಮಾನದಂಡದಲ್ಲಿರುವ ಹಾಗೆ, ರೆಫರೆನ್ಸ್ ಸೆನ್ಸರ್ (ಅಳತೆ ಮೊದಲೇ ಖಚಿತವಾಗಿರುವ ಸೆನ್ಸರ್) ಪಕ್ಕದಲ್ಲಿಟ್ಟು ಹೋಲಿಸುವ ವಿಧಾನ. ದೀಪದ ಬೆಳಕು ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ, ಅದಕ್ಕೇ ಎರಡರ ಜಾಗ ಅದಲುಬದಲು ಮಾಡಿ ಮತ್ತೆ ರೀಡಿಂಗ್ ತೆಗೆಯುತ್ತೇವೆ.

ತಲೆನೋವು ಸೊನ್ನೆ ರೀಡಿಂಗ್‌ನದ್ದು. ಬೆಳಕು ಮುಚ್ಚಿದ ಮೇಲೂ ಥರ್ಮೋಪೈಲ್ ಸೆನ್ಸರ್ (ಶಾಖದ ವ್ಯತ್ಯಾಸವನ್ನು ವೋಲ್ಟೇಜ್ ಆಗಿಸುವಂಥದ್ದು) ಕೆಲವು ಮೈಕ್ರೋವೋಲ್ಟ್ ತೋರಿಸುತ್ತಲೇ ಇರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಸೆನ್ಸರ್ ಮೇಲಿರುವ ಗಾಜಿನ ಗುಮ್ಮಟ ದೀಪದ ಶಾಖಕ್ಕೆ ಬಿಸಿಯಾಗಿರುವುದೇ ಕಾರಣ ಅನ್ನಿಸುತ್ತದೆ. ಬೇಗ ರೀಡಿಂಗ್ ತೆಗೆದರೆ ಸೆನ್ಸರ್ ಇನ್ನೂ ಸ್ಥಿರವಾಗಿರುವುದಿಲ್ಲ. ಜಾಸ್ತಿ ಕಾದರೆ ಗುಮ್ಮಟ ತಣ್ಣಗಾಗಿ, ಅಳೆಯುವಾಗ ಇದ್ದ ಆಫ್‌ಸೆಟ್ಟೇ (ಕಳೆಯಬೇಕಾದ ಆ ಹೆಚ್ಚುವರಿ ರೀಡಿಂಗೇ) ಮಾಯ. ನೀವು ಎಷ್ಟು ಹೊತ್ತು ಕಾಯುತ್ತೀರಿ? ಫ್ಯಾನ್ ಗಾಳಿ ಹಾಯಿಸುತ್ತೀರಾ?

ಇನ್ನೊಂದು ವಿಷಯ. ಸಿಲಿಕಾನ್ ಸೆನ್ಸರ್‌ಗಳು ಸುಮಾರು 400ರಿಂದ 1100 ನ್ಯಾನೋಮೀಟರ್‌ವರೆಗಿನ ತರಂಗಾಂತರದ ಬೆಳಕನ್ನು ಮಾತ್ರ ನೋಡುತ್ತವೆ, ಥರ್ಮೋಪೈಲ್ ಅದಕ್ಕಿಂತ ಬಹಳ ಅಗಲದ ವ್ಯಾಪ್ತಿ ನೋಡುತ್ತದೆ. ಹ್ಯಾಲೋಜನ್ ಬೆಳಕಿನಲ್ಲಿ ಬಿಸಿಲಿಗಿಂತ ಇನ್‌ಫ್ರಾರೆಡ್ ಪಾಲು ಜಾಸ್ತಿ. ಹಾಗಾಗಿ ಅವನ್ನು ಥರ್ಮೋಪೈಲ್ ಜೊತೆ ಹೋಲಿಸುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಅದೇ ಮಾದರಿಯ ಸಿಲಿಕಾನ್ ರೆಫರೆನ್ಸ್ ಇಟ್ಟರೆ ಸಾಕಾ, ಅಥವಾ ಹೊರಗೆ ಬಿಸಿಲಲ್ಲೇ ಮಾಡಬೇಕಾ? ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ. ಈ ಸೆನ್ಸರ್‌ಗಳ ಅಳತೆ ನಂಬಿಯೇ ಸೋಲಾರ್ ಪ್ಯಾನೆಲ್‌ಗಳ ಸಾಮರ್ಥ್ಯ ಲೆಕ್ಕ ಹಾಕುತ್ತಾರೆ, ಅಂದಾಜಿನಲ್ಲಿ ಬಿಡಲು ಮನಸ್ಸಿಲ್ಲ.