ಬೌದ್ಧ ಸಂಸ್ಥೆಗಳಲ್ಲಿ ಆಧ್ಯಾತ್ಮಿಕ ನಾಯಕತ್ವ ಮತ್ತು ನೌಕರರ ತೃಪ್ತಿ: ಅಳೆಯುವುದು ಹೇಗೆ?

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿನಿ, ಮೈಸೂರು):
ಟಿಬೆಟನ್ ನಿರಾಶ್ರಿತರ ನೆಲೆಯಾದ ಬೈಲುಕುಪ್ಪೆಯ ಸುತ್ತಮುತ್ತ ಬೌದ್ಧ ಆಡಳಿತದಲ್ಲಿರುವ ಶಾಲೆ, ಆಸ್ಪತ್ರೆ, ಅತಿಥಿಗೃಹಗಳ ನೌಕರರ ಉದ್ಯೋಗತೃಪ್ತಿಯನ್ನು ಕುರಿತು ಪ್ರಬಂಧ ಬರೆಯಬೇಕೆಂದಿದ್ದೇನೆ. ನಾಯಕನ ದೂರದೃಷ್ಟಿ, ಭರವಸೆ, ನಿಸ್ವಾರ್ಥ ಪ್ರೀತಿ ಇವು ನೌಕರನಲ್ಲಿ ತನ್ನ ಕೆಲಸಕ್ಕೊಂದು ಅರ್ಥವಿದೆ, ತಾನು ಇಲ್ಲಿಯವನೇ ಎಂಬ ಭಾವಗಳನ್ನು ಮೂಡಿಸಿ, ಆ ಮೂಲಕ ನಿಷ್ಠೆಯನ್ನು ಹೆಚ್ಚಿಸುತ್ತವೆ ಎಂದು ನಿರ್ವಹಣಾಶಾಸ್ತ್ರದ ವಿದ್ವಾಂಸ ಲೂಯಿಸ್ ಫ್ರೈ 2003ರಲ್ಲಿ ಮಂಡಿಸಿದ ಆಧ್ಯಾತ್ಮಿಕ ನಾಯಕತ್ವದ ಸಿದ್ಧಾಂತ ಹೇಳುತ್ತದೆ. ಈ ಚೌಕಟ್ಟು ಇಲ್ಲಿಗೆ ಹೊಂದುತ್ತದೆಯೇ?

ಉತ್ತರ (ನಿವೃತ್ತ ಅಧ್ಯಾಪಕ, ಸರಸ್ವತಿಪುರಂ):
ಮೊದಲು ನೌಕರರು ಯಾರೆಂಬುದನ್ನು ಗೊತ್ತುಮಾಡಿಕೊಳ್ಳಿ. ವಿನಯ ಎಂಬ ಸಂಘದ ಶಿಸ್ತಿನ ನಿಯಮಕ್ಕೆ ಒಳಪಟ್ಟ ಭಿಕ್ಷುವನ್ನೂ ತಿಂಗಳ ಸಂಬಳಕ್ಕೆ ಬರುವ ಅಡುಗೆಯವರನ್ನೂ ಒಂದೇ ಪಟ್ಟಿಗೆ ಸೇರಿಸಿದರೆ ಸರಾಸರಿಗೆ ಅರ್ಥವಿರುವುದಿಲ್ಲ. ಬುದ್ಧನ ಉಪದೇಶಗಳ ಪಾಲಿ ಸಂಗ್ರಹವಾದ ದೀಘನಿಕಾಯದ ಸಿಗಾಲೋವಾದ ಸುತ್ತದಲ್ಲಿ ಯಜಮಾನನ ಕರ್ತವ್ಯಗಳನ್ನು ಹೇಳಿದೆ: ಶಕ್ತಿಗೆ ತಕ್ಕ ಕೆಲಸ, ಅನ್ನ ಮತ್ತು ವೇತನ, ಕಾಯಿಲೆಯಾದಾಗ ಆರೈಕೆ, ವಿಶೇಷ ತಿನಿಸುಗಳಲ್ಲಿ ಪಾಲು, ಸಕಾಲದಲ್ಲಿ ಬಿಡುವು. ದೂರದೃಷ್ಟಿಯ ಮಾತು ಅಲ್ಲಿಲ್ಲ. ಎಲ್ಲವೂ ಹಾಜರಿ ಪುಸ್ತಕದಲ್ಲಿಯೂ ಅಡುಗೆಮನೆಯಲ್ಲಿಯೂ ಕಾಣಸಿಗುವಂಥವು. ನಿಮ್ಮ ಪ್ರಶ್ನಾವಳಿ ಅಲ್ಲಿಂದ ಆರಂಭವಾಗಲಿ.

ಉತ್ತರ (ಮಂಡ್ಯದಿಂದ):
ನಾನು ಒಂದು ಧಾರ್ಮಿಕ ಟ್ರಸ್ಟಿನ ಸಿಬ್ಬಂದಿ ವಿಭಾಗದಲ್ಲಿದ್ದವನು. ಬೌದ್ಧರದಲ್ಲ, ಆದರೆ ತೊಡಕು ಒಂದೇ. ಮೇಲ್ವಿಚಾರಕರೇ ಹಂಚಿ, ಅವರೇ ವಾಪಸು ಪಡೆದ ನಮೂನೆಗಳಲ್ಲಿ ಬಹುತೇಕ ಎಲ್ಲರೂ ‘ಅತ್ಯಂತ ತೃಪ್ತಿ’ಗೇ ಗುರುತು ಹಾಕಿದ್ದರು, ಬಾಕಿ ಓವರ್‌ಟೈಮ್ ಬಗ್ಗೆ ಅಂದು ಬೆಳಿಗ್ಗೆಯಷ್ಟೇ ಕ್ಯಾಂಟೀನಿನಲ್ಲಿ ಗೊಣಗಿದ್ದ ಚಾಲಕನೂ ಸೇರಿದಂತೆ. ಗುರುಗಳ ಮೇಲಿನ ಭಕ್ತಿ ಸುಳ್ಳಲ್ಲ, ಆದರೆ ಅದು ಉದ್ಯೋಗತೃಪ್ತಿಯೂ ಅಲ್ಲ. ಸಂಬಳ, ರಜೆ, ಭವಿಷ್ಯ ನಿಧಿಗಳ ಕುರಿತು ಬೇರೆಯಾಗಿಯೇ ಕೇಳಿ. ಕೆಲಸ ಬಿಟ್ಟು ಹೋದವರನ್ನೂ ಮಾತನಾಡಿಸಿ.

ಪ್ರಶ್ನೆ ಕೇಳಿದವರು:
ಪಿರಿಯಾಪಟ್ಟಣದ ಕಡೆಯ ಹಳ್ಳಿಗಳಿಂದ ಕೆಲಸಕ್ಕೆ ಬರುವ, ಬೌದ್ಧರಲ್ಲದ ನೌಕರರನ್ನು ಪ್ರತ್ಯೇಕ ಗುಂಪಾಗಿ ನೋಡಬೇಕೇ?

ಉತ್ತರ (ನಿವೃತ್ತ ಅಧ್ಯಾಪಕ):
ಖಂಡಿತ. 1960ರ ದಶಕದ ಆರಂಭದಲ್ಲಿ ಅಂದಿನ ಮೈಸೂರು ರಾಜ್ಯ ಕೊಟ್ಟ ಭೂಮಿಯಲ್ಲಿ ನೆಲೆ ಕಂಡುಕೊಂಡ ಟಿಬೆಟನ್ನರಿಗೆ ಈ ಸಂಸ್ಥೆಗಳು ತಮ್ಮವೆನಿಸಲು ದೇಶಭ್ರಷ್ಟತೆಯ ಚರಿತ್ರೆಯೇ ಸಾಕು. ಆ ಆತ್ಮೀಯತೆಯನ್ನೆಲ್ಲ ನಾಯಕತ್ವದ ಲೆಕ್ಕಕ್ಕೆ ಬರೆಯಲಾಗದು. ಆ ಚರಿತ್ರೆಯ ಆಸರೆಯಿಲ್ಲದ ಸ್ಥಳೀಯ ನೌಕರರಲ್ಲಿಯೂ ಅದೇ ಭಾವ ಕಂಡುಬಂದರೆ ಮಾತ್ರ ನಾಯಕತ್ವದ ಪಾತ್ರವನ್ನು ಗಂಭೀರವಾಗಿ ಪರಿಗಣಿಸಬಹುದು. ಅವರನ್ನು ಮೈತ್ರಿ, ಕರುಣೆಗಳ ಬಗ್ಗೆ ಕೇಳುವ ಬದಲು, ಟಿಬೆಟನ್ನರ ಹೊಸವರ್ಷವಾದ ಲೋಸಾರ್ ಹಬ್ಬಕ್ಕೆ ಸಿಗುವಷ್ಟೇ ಸುಲಭವಾಗಿ ಯುಗಾದಿಗೂ ಸಂಬಳಸಹಿತ ರಜೆ ಸಿಗುತ್ತದೆಯೇ ಎಂದು ಕೇಳಿ, ಉತ್ತರವನ್ನು ರಜೆಯ ದಾಖಲೆಯೊಂದಿಗೆ ತಾಳೆ ನೋಡಿ.