ಪರೀಕ್ಷೆಯ ವಾರಕ್ಕೆ ಬಿದ್ದ ಪ್ರವಾಸಪಟ್ಟಿ: ಮನೆಯ ಗುಂಪಿನಲ್ಲಿ ನಡೆದ ಚರ್ಚೆ

ಕಾಕಾ (ಧಾರವಾಡ): ಏಜೆಂಟರು ಕಳಿಸಿದ ಇಂಗ್ಲೆಂಡ್ ಪ್ರವಾಸದ ಪಟ್ಟಿಯನ್ನು ಮೇಲೆ ಹಾಕಿದ್ದೇನೆ. ಎಲ್ಲರೂ ಓದಿ ಶನಿವಾರದೊಳಗೆ ಒಪ್ಪಿಗೆ ತಿಳಿಸಬೇಕು. ಮೇ 14ರ ರಾತ್ರಿ ಬೆಂಗಳೂರಿನಿಂದ ಹೊರಟರೆ 26ಕ್ಕೆ ಮರಳುತ್ತೇವೆ. ಮಕ್ಕಳ ಶಾಲೆ ತಿಂಗಳ ಕೊನೆಗೆ ತೆರೆಯುತ್ತದೆ, ಹಾವೇರಿಯವರು ಮೃಗಶಿರಾ ಮಳೆಗೆ ಮೊದಲೇ ಹೊಲದಲ್ಲಿರಬೇಕು. ಆದ್ದರಿಂದ ಎಲ್ಲರಿಗೂ ಹೊಂದುವ ಬೇರೆ ದಿನಗಳಿಲ್ಲ. ಲೀಡ್ಸ್‌ನಿಂದ ನೀನು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣಕ್ಕೆ ಬಂದು ನಮ್ಮನ್ನು ಸೇರಿಕೊಂಡರೆ ಸ್ಲೌ ಮತ್ತು ರೆಡಿಂಗ್‌ನಲ್ಲಿರುವ ನೆಂಟರ ಮನೆಗಳಿಗೂ ಕೂಡಿಯೇ ಹೋಗಿಬರಬಹುದು.

ನಾನು (ಲೀಡ್ಸ್): ಕಾಕಾ, ನೀವೆಲ್ಲ ಬರುತ್ತೀರೆಂಬ ಸಂತೋಷ ನನಗೆ ಎಷ್ಟಿದೆಯೆಂದು ಬರೆದು ತಿಳಿಸಲಾರೆ. ಆದರೆ ನನ್ನ ಅಂತಿಮ ಪರೀಕ್ಷೆಗಳು ಮೇ 15, 19 ಮತ್ತು 22ಕ್ಕೆ ಇವೆ. ನೀವು ಹೀಥ್ರೂದಲ್ಲಿ ಇಳಿಯುವ ದಿನವೇ ಮೊದಲನೆಯದು. ವೇಳಾಪಟ್ಟಿಯನ್ನು ಇಲ್ಲಿಯೇ ಹಾಕುತ್ತಿದ್ದೇನೆ, ದಯವಿಟ್ಟು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ.

ಅತ್ತಿ (ಬೆಟಗೇರಿ): ಪರೀಕ್ಷೆ ಮೂರೇ ದಿನವಲ್ಲವೇ? ನಡುವಿನ ದಿನಗಳಲ್ಲಿ ಬಂದು ಹೋದರೆ ಏನು ಕೆಡುತ್ತದೆ? ಸ್ಲೌನ ಮೌಶಿ ನಿನಗೆ ಉಡಿ ತುಂಬಬೇಕೆಂದು ಕಳೆದ ದೀಪಾವಳಿಯಿಂದ ಕೇಳುತ್ತಿದ್ದಾರೆ. ಅದೇ ದೇಶದಲ್ಲಿದ್ದೂ ನೀನು ಹೋಗದಿದ್ದರೆ ನಾವು ಅವರಿಗೆ ಏನು ಉತ್ತರ ಕೊಡುವುದು?

ಕಾಕಾ (ಧಾರವಾಡ): ನಾವು ಓದುವಾಗಲೂ ಮನೆಯಲ್ಲಿ ಮದುವೆಗಳು ನಡೆದವು, ನೆಂಟರು ಬಂದರು, ಪರೀಕ್ಷೆಗಳೂ ಆದವು. ವರ್ಷವಿಡೀ ಓದಿದವರಿಗೆ ಕೊನೆಯ ವಾರದ ಅಂಜಿಕೆ ಇರಬಾರದು.

ವೈನಿ (ಧಾರವಾಡ): ಕಾಕಾ, ತಪ್ಪು ತಿಳಿಯಬೇಡಿರಿ. ನಮ್ಮ ಮನೆಯಲ್ಲಿ ತಮ್ಮನ ಪಿಯುಸಿ ಎರಡನೆಯ ವರ್ಷದ ಪರೀಕ್ಷೆ ಮುಗಿಯುವವರೆಗೆ ಟಿವಿ ಹಚ್ಚಲಿಲ್ಲ, ಬರುವ ನೆಂಟರಿಗೂ ಈಗ ಬೇಡವೆಂದು ನೀವೇ ಫೋನು ಮಾಡಿ ಹೇಳಿದಿರಿ, ಅವರಲ್ಲಿ ಒಬ್ಬರೂ ಬೇಸರ ಮಾಡಿಕೊಳ್ಳಲಿಲ್ಲ. ಆ ಹುಡುಗನಿಗೆ ಸಿಕ್ಕ ರಿಯಾಯಿತಿ ಈ ಹುಡುಗಿಗೆ ಏಕಿಲ್ಲ?

ನಾನು (ಲೀಡ್ಸ್): ಅತ್ತಿ, ನಡುವಿನ ದಿನಗಳು ಬಿಡುವಿನ ದಿನಗಳಲ್ಲ. ಇಲ್ಲಿಯ ಸ್ನಾತಕೋತ್ತರ ಪದವಿ ಒಟ್ಟು 180 ಕ್ರೆಡಿಟ್‌ಗಳದ್ದು, ಒಂದು ಕ್ರೆಡಿಟ್‌ಗೆ ಸುಮಾರು 10 ತಾಸುಗಳ ಓದು ಎಂಬುದು ಲೆಕ್ಕ. ನನ್ನ ಒಂದೊಂದು ವಿಷಯವೂ 15 ಕ್ರೆಡಿಟ್‌ನದ್ದು, ಅಂದರೆ 150 ತಾಸು. ಅದರ ಬಹುಪಾಲು ಅಂಕಗಳು ಒಂದೇ ಲಿಖಿತ ಪರೀಕ್ಷೆಯಲ್ಲಿವೆ. ತೇರ್ಗಡೆಗೆ 50 ಅಂಕ ಬೇಕು. ಅದು ತಪ್ಪಿದರೆ ಮರುಪರೀಕ್ಷೆ ಆಗಸ್ಟಿನಲ್ಲಿ, ಆಗ ಎಷ್ಟು ಚೆನ್ನಾಗಿ ಬರೆದರೂ ತೇರ್ಗಡೆಯ ಅಂಕಕ್ಕಿಂತ ಹೆಚ್ಚು ದಾಖಲಾಗುವುದಿಲ್ಲ. ಆಗಸ್ಟ್ ಎಂದರೆ 60 ಕ್ರೆಡಿಟ್‌ಗಳ ಸಂಶೋಧನಾ ಪ್ರಬಂಧ ಬರೆದು ಮುಗಿಸಬೇಕಾದ ತಿಂಗಳು, ಪದವಿಯ ಮೂರನೆಯ ಒಂದು ಭಾಗ ಅದರಲ್ಲಿಯೇ ಇದೆ. ಅಪ್ಪ ಸಾಲ ಮಾಡಿ ನನ್ನನ್ನು ಕಳಿಸಿದ್ದಾರೆ. ಓದು ಮುಗಿದ ಮೇಲೆ ಇಲ್ಲಿ ಕೆಲಸ ಹುಡುಕುವ ವೀಸಾ ಸಿಗಬೇಕಾದರೂ ಪದವಿ ಪೂರ್ಣವಾಗಿರಬೇಕು. ಲೀಡ್ಸ್‌ಗೂ ಲಂಡನ್ನಿಗೂ ನಡುವೆ 300 ಕಿಲೋಮೀಟರು ಅಂತರವಿದೆ, ಒಂದು ಊಟಕ್ಕೆ ಹೋಗಿಬಂದರೂ ಓದಿನ ಒಂದು ದಿನ ಪೂರ್ತಿ ಹೋಗುತ್ತದೆ.

ಅಪ್ಪ (ಹುಬ್ಬಳ್ಳಿ): ಸಾಲದ ಮಾತು ಗುಂಪಿನಲ್ಲಿ ಬೇಕಿರಲಿಲ್ಲ, ಆದರೆ ಅವಳು ಹೇಳಿದ್ದು ನಿಜ. ದಸರಾ ರಜೆಗೆ ಹೋದರೆ ಆಗದೇ?

ಅತ್ತಿ (ಬೆಟಗೇರಿ): ಅಕ್ಟೋಬರಿನಲ್ಲಿ ಅಲ್ಲಿ ಸಂಜೆ ಆರಕ್ಕೇ ಕತ್ತಲಾಗುತ್ತದೆ, ಚಳಿಗೆ ನನ್ನ ಮೊಣಕಾಲು ಏಳುವುದಿಲ್ಲ. ಮೇನಲ್ಲಾದರೆ ರಾತ್ರಿ ಒಂಬತ್ತರವರೆಗೆ ಬೆಳಕಿರುತ್ತದೆಯೆಂದು ಇವಳೇ ಹೇಳಿದ್ದಳು.

ನಾನು (ಲೀಡ್ಸ್): ದಿನಾಂಕಗಳನ್ನು ಬದಲಿಸುವುದೇ ಬೇಡ, ಅಪ್ಪಾ. ಕ್ರಮ ಬದಲಿಸಿದರೆ ಸಾಕು. 15ರಿಂದ 22ರ ಮಧ್ಯಾಹ್ನದವರೆಗೆ ನೀವು ಲಂಡನ್ನಿನಲ್ಲಿರಿ, ಆಮೇಲೆ ನನ್ನ ಬಳಿಗೆ ಬನ್ನಿರಿ. 2022ರಲ್ಲಿ ಆರಂಭವಾದ ಎಲಿಜಬೆತ್ ಲೈನ್ ರೈಲು ಹೀಥ್ರೂದಿಂದ ನೇರವಾಗಿ ನಗರದೊಳಗೆ ಕರೆದೊಯ್ಯುತ್ತದೆ. ಸ್ಲೌ ಮತ್ತು ರೆಡಿಂಗ್ ಎರಡೂ ಅದೇ ಮಾರ್ಗದಲ್ಲಿವೆ, ಆದ್ದರಿಂದ ಎರಡೂ ಮನೆಗಳಿಗೆ ನಾನಿಲ್ಲದೆಯೇ ಹೋಗಿಬರಬಹುದು. ಬ್ಯಾಂಕಿನ ಕಾರ್ಡನ್ನೇ ಗೇಟಿಗೆ ಮುಟ್ಟಿಸಿದರೆ ಸಾಕು, ಆದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಬೇಕು. ಬ್ರಿಟಿಷ್ ಮ್ಯೂಸಿಯಂಗೆ ಪ್ರವೇಶ ಶುಲ್ಕವಿಲ್ಲ. ಅಜ್ಜನವರು ಕೇಳುತ್ತಿದ್ದ ಬಸವೇಶ್ವರರ ಪ್ರತಿಮೆ, 2015ರ ನವೆಂಬರ್ 14ಕ್ಕೆ ಅನಾವರಣಗೊಂಡದ್ದು, ಥೇಮ್ಸ್ ನದಿಯ ದಂಡೆಯಲ್ಲಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ; ಅಲ್ಲಿಗೆ ಅವರನ್ನು ತಪ್ಪದೆ ಕರೆದುಕೊಂಡು ಹೋಗಿರಿ.

ಮಾಮಾ (ಹಾವೇರಿ): ಭಾಷೆಯ ಚಿಂತೆ ಬೇಡ. ಬ್ಯಾಡಗಿ ಪೇಟೆಗೆ ಬರುವ ಹೊರರಾಜ್ಯದ ಖರೀದಿದಾರರ ಭಾಷೆ ನಮಗೆ ಬಾರದಿದ್ದರೂ ಮೆಣಸಿನಕಾಯಿಯ ವ್ಯಾಪಾರ ಎಂದೂ ನಿಂತಿಲ್ಲ. ಕೂಸು ಓದಲಿ.

ನಾನು (ಲೀಡ್ಸ್): 23ಕ್ಕೆ ಯಾರ್ಕ್‌ಗೆ ಹೋಗೋಣ, ಇಲ್ಲಿಂದ ರೈಲಿನಲ್ಲಿ ಅರ್ಧ ತಾಸಿನೊಳಗಿನ ದಾರಿ. 24ಕ್ಕೆ ಸಾಲ್ಟೇರ್. ಅತ್ತಿ, ಅದನ್ನು ನಾನು ನಿಮಗಾಗಿಯೇ ಇಟ್ಟಿದ್ದೇನೆ: ಗಿರಣಿಯ ಮಾಲೀಕನೊಬ್ಬ 19ನೆಯ ಶತಮಾನದಲ್ಲಿ ತನ್ನ ಕೆಲಸಗಾರರಿಗಾಗಿ ಕಟ್ಟಿಸಿದ ಊರು, 2001ರಿಂದ ವಿಶ್ವ ಪರಂಪರೆಯ ತಾಣ. ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದ ನಿಮ್ಮ ಕೈ ಹಿಡಿದು ಆ ಗಿರಣಿಯ ಮುಂದೆ ನಡೆಯಬೇಕೆಂದು ಇಲ್ಲಿಗೆ ಬಂದ ಮೊದಲ ತಿಂಗಳಿನಿಂದಲೂ ನನಗೆ ಆಸೆಯಿದೆ. ಆ ದಿನ ಪುಸ್ತಕದ ಯೋಚನೆ ನನ್ನ ತಲೆಯಲ್ಲಿರಬಾರದು.

ಅತ್ತಿ (ಬೆಟಗೇರಿ): ಮೌಶಿಯ ಮನೆಗೆ ನೀನಿಲ್ಲದೆ ಹೋಗುವುದು ನನಗೆ ಈಗಲೂ ಸರಿಕಾಣುವುದಿಲ್ಲ. ಆದರೂ ನಾನೇ ಫೋನು ಮಾಡಿ ವಿಷಯ ತಿಳಿಸುತ್ತೇನೆ. ಪ್ರಬಂಧ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ನೀನೊಬ್ಬಳೇ ಅವರ ಮನೆಗೆ ಹೋಗಿ ಒಂದು ರಾತ್ರಿ ಉಳಿದು ಬರಬೇಕು.

ನಾನು (ಲೀಡ್ಸ್): ಖಂಡಿತವಾಗಿ ಹೋಗುತ್ತೇನೆ, ಅತ್ತಿ.

ಕಾಕಾ (ಧಾರವಾಡ): ಸರಿ. ಆದರೆ ಲೀಡ್ಸ್‌ಗೆ ಬಂದವರು ಮತ್ತೆ ಹೀಥ್ರೂಗೆ ಹೋಗುವುದೆಂದರೆ ಮಕ್ಕಳಿಗೂ ಅಜ್ಜನವರಿಗೂ ದಣಿವು.

ನಾನು (ಲೀಡ್ಸ್): ಲಂಡನ್ನಿನಲ್ಲಿ ಇಳಿದು ಮ್ಯಾಂಚೆಸ್ಟರಿನಿಂದ ಹೊರಡುವಂತೆ ಟಿಕೆಟಿನ ದರ ಕೇಳಿರಿ, ಕಾಕಾ, ಕೊಲ್ಲಿ ದೇಶಗಳ ಮೂಲಕ ಬೆಂಗಳೂರಿಗೆ ವಿಮಾನಗಳಿವೆ. ಮೇ 25 ಸೋಮವಾರ ಇಲ್ಲಿ ಸಾರ್ವಜನಿಕ ರಜೆ, ಹಿಂದಿನ ಶುಕ್ರವಾರ ಸಂಜೆಯ ರೈಲುಗಳು ತುಂಬಿರುತ್ತವೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಮಧ್ಯಾಹ್ನ ಮೂರರ ಸುಮಾರಿಗೆ ಹೊರಡುವ ರೈಲಿನಲ್ಲಿ ಆಸನಗಳನ್ನು ಈಗಲೇ ಕಾಯ್ದಿರಿಸಿದರೆ ದರವೂ ಕಡಿಮೆ. ನನ್ನ ಪರೀಕ್ಷೆ ನಾಲ್ಕಕ್ಕೆ ಮುಗಿಯುತ್ತದೆ, ನೀವು ಇಳಿಯುವ ಹೊತ್ತಿಗೆ ನಾನು ನಿಲ್ದಾಣದಲ್ಲಿರುತ್ತೇನೆ.

ಕಾಕಾ (ಧಾರವಾಡ): ಏಜೆಂಟರಿಗೆ ಈಗಲೇ ಹೇಳುತ್ತೇನೆ. ಹಳೆಯ ಪಟ್ಟಿಗೆ ಯಾರೂ ಒಪ್ಪಿಗೆ ಕಳಿಸಬೇಡಿರಿ.