ನೀರು ಬಿಸಿಯಾದರೂ ಶಬ್ದ ತಡವಾಗಿ ಬರುತ್ತಿದೆ, ಯಾಕೆ?

ಪೀಜೋಪ್ರಿಯ: ಪೆಸಿಫಿಕ್ ಸಾಗರದ ತಾಪ ಅಳೆಯಲು ವಿಜ್ಞಾನಿಗಳು ಪಯೋನಿಯರ್ ಸೀಮೌಂಟ್ ಎಂಬ ಸಮುದ್ರದಡಿಯ ಬೆಟ್ಟದಿಂದ 75 ಹರ್ಟ್ಸ್ ಶಬ್ದ ಕಳಿಸುತ್ತಿದ್ದರಲ್ಲ, ಅದರ ಪುಟ್ಟ ನಕಲನ್ನು ನೀರಿನ ತೊಟ್ಟಿಯಲ್ಲಿ ಮಾಡುತ್ತಿದ್ದೇನೆ. ಅವರ ಹಾಗೆಯೇ 1023 ಅಂಕೆಗಳ ಎಂ-ಸೀಕ್ವೆನ್ಸ್ (ಗದ್ದಲದಲ್ಲೂ ಗುರುತು ಸಿಗುವ ಸಂಕೇತಮಾಲೆ). ಫೋನಿನಿಂದ ಪೀಜೋಗೆ (ವಿದ್ಯುತ್ತನ್ನು ಶಬ್ದವಾಗಿಸುವ ಬಿಲ್ಲೆ) ಸಿಗ್ನಲ್, 3 ಮೀಟರ್ ಆಚೆ ಹೈಡ್ರೋಫೋನ್ (ನೀರೊಳಗಿನ ಮೈಕ್), ಲ್ಯಾಪ್‌ಟಾಪ್‌ನಲ್ಲಿ 48 ಕಿಲೋಹರ್ಟ್ಸ್ ರೆಕಾರ್ಡಿಂಗ್. ತೊಟ್ಟಿಯ ಆಳ 60 ಸೆಂ.ಮೀ., ಎರಡೂ ಮಧ್ಯದಲ್ಲಿವೆ. ಬಿಸಿನೀರಿನಲ್ಲಿ ಶಬ್ದ ಬೇಗ ಸಾಗುತ್ತದೆ, ಹಾಗಾಗಿ ನೀರನ್ನು 24ರಿಂದ 28 ಡಿಗ್ರಿಗೆ ಏರಿಸಿದರೆ ಶಬ್ದ ತಲುಪುವ ಸಮಯ ಕಡಿಮೆ ಆಗಬೇಕು ಅಲ್ವಾ? ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಬರುತ್ತಿದೆ.

ಆಳದಕಿವಿ: ಪೀಜೋ ಮೇಲೆ ಅನುಮಾನ ಬೇಡ. ಫೋನ್, ಲ್ಯಾಪ್‌ಟಾಪ್ ಎರಡರ ಗಡಿಯಾರ ಬೇರೆ ಬೇರೆ. ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸ ಇದ್ದರೂ ಒಂದು ನಿಮಿಷಕ್ಕೆ 1.2 ಮಿಲಿಸೆಕೆಂಡ್ ಜಾರುತ್ತದೆ. ನಿಮ್ಮ ಶಬ್ದದ ಇಡೀ ಪ್ರಯಾಣವೇ 2 ಮಿಲಿಸೆಕೆಂಡ್! ನೀವು ಹುಡುಕುತ್ತಿರುವ ಬದಲಾವಣೆ ಸುಮಾರು 13 ಮೈಕ್ರೊಸೆಕೆಂಡ್, ಒಂದು ಸ್ಯಾಂಪಲ್‌ಗಿಂತಲೂ (ರೆಕಾರ್ಡಿಂಗ್‌ನ ಒಂದು ಅಳತೆಯಿಂದ ಮುಂದಿನದಕ್ಕೆ ಇರುವ ಸಮಯ) ಕಡಿಮೆ. ಸಾಗರದವರಿಗೆ ಈ ವಿಷಯದಲ್ಲಿ ಸುಖ. 3000 ಕಿ.ಮೀ. ದಾರಿಯಲ್ಲಿ 0.01 ಡಿಗ್ರಿ ಏರಿದರೂ ಸುಮಾರು 60 ಮಿಲಿಸೆಕೆಂಡ್ ಬದಲಾವಣೆ ಸಿಗುತ್ತದೆ.

ಕಳಿಸುವುದು, ಕೇಳುವುದು ಎರಡನ್ನೂ ಒಂದೇ ಸ್ಟೀರಿಯೊ ಸೌಂಡ್ ಕಾರ್ಡಿನಲ್ಲಿ ಮಾಡಿ. ಔಟ್‌ಪುಟ್ಟನ್ನು ಎಡ ಇನ್‌ಪುಟ್‌ಗೆ ವಾಪಸ್ ಕೊಡಿ, ಹೈಡ್ರೋಫೋನ್ ಬಲಕ್ಕೆ. ಎರಡು ಚಾನೆಲ್‌ಗಳ ಅಂತರವನ್ನಷ್ಟೇ ಲೆಕ್ಕ ಹಾಕಿ. ಕಳಿಸಿದ ಸೀಕ್ವೆನ್ಸನ್ನು ರೆಕಾರ್ಡಿಂಗ್ ಜತೆ ಹೋಲಿಸಿದಾಗ (ಕೋರಿಲೇಶನ್) ಎರಡೂ ಹೊಂದುವ ಜಾಗದಲ್ಲಿ ಏಳುವ ಪೀಕ್‌ನ ಸುತ್ತ ಮೂರು ಬಿಂದುಗಳಿಗೆ ಪ್ಯಾರಾಬೋಲ ಕೂರಿಸಿದರೆ ಸ್ಯಾಂಪಲ್‌ನೊಳಗಿನ ಸಮಯವೂ ಸಿಗುತ್ತದೆ.

ಪೀಜೋಪ್ರಿಯ: ಜಿಗಿತ ನಿಂತಿತು, ಥ್ಯಾಂಕ್ಸ್. ಆದರೆ ಪೀಕ್ ದಪ್ಪಗೆ, ವಕ್ರವಾಗಿದೆ. ನೀರಿನ ಮಟ್ಟ ಸ್ವಲ್ಪ ಬದಲಾದರೂ ಅದು ಸರಿಯುತ್ತದೆ.

ತರಂಗಭಟ್ಟ: ಅದು ಮೇಲ್ಮೈಯ ಪ್ರತಿಧ್ವನಿ. ನಿಮ್ಮ ತೊಟ್ಟಿಯ ಅಳತೆಯಲ್ಲಿ ಅದು ನೇರ ಶಬ್ದಕ್ಕಿಂತ ಬರೀ 6 ಸೆಂ.ಮೀ. ಜಾಸ್ತಿ ದೂರ ಬರುತ್ತದೆ, ಅಂದರೆ 40 ಮೈಕ್ರೊಸೆಕೆಂಡ್. ಆಡಿಯೊ ಬ್ಯಾಂಡ್‌ವಿಡ್ತ್‌ನಲ್ಲಿ (ಸೌಂಡ್ ಕಾರ್ಡ್ ಹಿಡಿಯಬಲ್ಲ ಆವರ್ತನಗಳ ವ್ಯಾಪ್ತಿ) ಎರಡೂ ಅಂಟಿಕೊಳ್ಳುತ್ತವೆ. ತಳದ ಪ್ರತಿಧ್ವನಿಯೂ ಅಷ್ಟೇ ಹೊತ್ತಿಗೆ ಬರುತ್ತದೆ. ವಿಚಿತ್ರ ಅನಿಸಬಹುದು, ಆದರೆ ಅಂತರವನ್ನು 1 ಮೀಟರಿಗೆ ಇಳಿಸಿ. ಆಗ ಪ್ರತಿಧ್ವನಿ ಸುಮಾರು 110 ಮೈಕ್ರೊಸೆಕೆಂಡ್ ಹಿಂದೆ ಉಳಿಯುತ್ತದೆ. ನಿಮಗೆ ಬೇಕಾದ ಬದಲಾವಣೆ ಮೂರನೇ ಒಂದಕ್ಕೆ ಇಳಿಯುತ್ತದೆ ನಿಜ, ಅದಕ್ಕೆ ಸೀಕ್ವೆನ್ಸನ್ನು ಹಲವು ಸಲ ಕಳಿಸಿ ಸರಾಸರಿ ತೆಗೆಯಿರಿ. ಕೋರಿಲೇಶನ್‌ನ ಚಿಹ್ನೆಯನ್ನು (ಪ್ಲಸ್ ಅಥವಾ ಮೈನಸ್) ಹಾಗೇ ಉಳಿಸಿಕೊಳ್ಳಿ. ಗಾಳಿಗೆ ತಾಗಿ ಬಂದ ಶಬ್ದ ತಲೆಕೆಳಗಾಗಿರುತ್ತದೆ, ಅದನ್ನು ಸುಲಭವಾಗಿ ಗುರುತಿಸಬಹುದು.

ಪೀಜೋಪ್ರಿಯ: 1 ಮೀಟರಿನಲ್ಲಿ ನೇರ ಪೀಕ್ ಬೇರೆಯಾಗಿ ನಿಂತಿತು, ತಲೆಕೆಳಗಾದದ್ದೂ ಕಂಡಿತು. ಈಗ ಬಿಸಿಯಾದರೆ ಸಮಯ ಇಳಿಯುತ್ತಿದೆ. ಆದರೆ ಬರಬೇಕಾದ 4.5 ಮೈಕ್ರೊಸೆಕೆಂಡಿನ ಅರ್ಧದಷ್ಟೇ.

ಆಳದಕಿವಿ: ಬಿಸಿನೀರನ್ನು ಸುಮ್ನೆ ಮೇಲಿನಿಂದ ಸುರಿದಿರಾ? ಅದು ಮೇಲೆಯೇ ನಿಂತಿರುತ್ತದೆ. ಚೆನ್ನಾಗಿ ಕಲಕಿ, ಗುಳ್ಳೆ ಹೋಗುವವರೆಗೆ ಬಿಡಿ. ಥರ್ಮಾಮೀಟರನ್ನು ಪೀಜೋ ಇರುವ ಆಳದಲ್ಲೇ ಇಳಿಬಿಡಿ.